ಸ್ಪ್ರಿಂಗ್ ಸತ್ತಿದೆ ಎಂದು ಬರೆದ ಚೀಟಿ

ಮಾರ್ಚ್ ೯, ಭಾನುವಾರ ಮಧ್ಯಾಹ್ನ
ಅಂಗಡಿಯಿಂದ

ಪ್ರೀತಿಯ ತಮ್ಮನಿಗೆ,

ಅಣ್ಣನ ಆಶೀರ್ವಾದ. ನೀನೂ ನಿನ್ನ ಹೆಂಡತಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀನು ಅಂಗಡಿ ಬಿಟ್ಟು ಹೋದ ಎಂಟು ತಿಂಗಳ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು ಎಂದು ಹೇಳಿಕೊಳ್ಳುವುದಕ್ಕೂ ಮುಖವಿಲ್ಲ. ನಾಲ್ಕು ಸಲ ಶುರು ಮಾಡಿ ಹರಿದು ಹಾಕಿದೆ. ಇವತ್ತು ಅಂಗಡಿಗೆ ರಜೆ. ಬಾಗಿಲು ಅರ್ಧ ಎಳೆದುಕೊಂಡು, ಹಿಂದಿನ ಕೋಣೆಯಲ್ಲಿ ನಿನ್ನ ಮೇಜಿನ ಮೇಲೇ ಕಾಗದ ಇಟ್ಟುಕೊಂಡು ಕೂತಿದ್ದೇನೆ. ಮುಗಿಸದೆ ಏಳುವುದಿಲ್ಲ.

ನನ್ನ ಮಂಡಿ ನೋವು ಹಾಗೇ ಇದೆ. ನಿನ್ನ ಅತ್ತಿಗೆ ದಿನಾ ಎಣ್ಣೆ ಹಚ್ಚಿ ತಿಕ್ಕುತ್ತಾಳೆ, ಬೈಯುತ್ತಾ ತಿಕ್ಕುವುದರಿಂದ ಸ್ವಲ್ಪ ಗುಣ ಕಾಣಿಸುತ್ತದೆ. ನೀನು ಬೀಗದ ಅಂಗಡಿಯಲ್ಲಿ ಕೀಲಿ ಕೊರೆಯುತ್ತಿದ್ದೀಯೆಂದು ನಮಗೆ ಸಾಣೆಕಲ್ಲು ತಂದುಕೊಡುವ ಮುದುಕ ಹೇಳಿದ. "ಇಡೀ ದಿನ ಕೊರೀತಾನೆ, ಬಾಯಿ ಮಾತ್ರ ಬಿಡಲ್ಲ" ಎಂದ. ಅರ ಹಿಡಿದು ಕೂದಲೆಳೆಯಷ್ಟೇ ಉಜ್ಜುತ್ತಿದ್ದ ಕೈ ನಿನ್ನದು.

ಇಲ್ಲಿ ಕೆಲಸಕ್ಕೇನೂ ಕಡಿಮೆಯಿಲ್ಲ, ನನಗೇ ಸಾಕಾಗಿದೆ. ಜನ ಅಜ್ಜನ ಪೆಟ್ಟಿಗೆಯಿಂದ ಹಳೆಯ ಜರ್ಮನಿ ಮಡಚುವ ಚಾಕು ಹುಡುಕಿ ತರುತ್ತಾರೆ. ಅಸಲಿಯಾ, ಕೂಡಿಡಬಹುದಾ, ಜೇಬಲ್ಲಿಟ್ಟು ದಿನಾ ಬಳಸಬಹುದಾ ಎಂದು ಕೇಳುತ್ತಾರೆ. ಅಪ್ಪ ಕಲಿಸಿದ ಕ್ರಮದಲ್ಲೇ ಈಗಲೂ ನೋಡುತ್ತೇನೆ. ಮೊದಲು ಕಣ್ಣು. ಕಿಟಕಿಗೆ ಹಿಡಿದರೆ ಬೆನ್ನಿನ ಸ್ಪ್ರಿಂಗಿಗೂ ಪಕ್ಕದ ಹಿತ್ತಾಳೆ ತಗಡಿಗೂ ನಡುವೆ ಬೆಳಕು ನುಸುಳಬಾರದು, ಮಡಚಿದ ಅಲಗು ನಟ್ಟನಡುವೆ ಕೂತಿರಬೇಕು, ಕಂಪನಿಯ ಮುದ್ರೆ ಉಕ್ಕಿನೊಳಕ್ಕೆ ಇಳಿದಿರಬೇಕು. ಸಾಣೆ ಹಿಡಿದು ಹಿಡಿದು ಅಲಗು ಸವೆದಿದ್ದರೆ ಕೂಡಿಡುವವರಿಗೆ ಬೇಡ, ಹಣ್ಣು ಹೆಚ್ಚುವವರಿಗೆ ಅಡ್ಡಿಯಿಲ್ಲ. ಆಮೇಲೆ ಉಗುರು. ಹಿಡಿಯ ಕೊಂಬು ಲೋಹಕ್ಕೆ ಸೇರುವ ಕಡೆ ಉಗುರು ಎಡವಬಾರದು, ಅಲಗು ಎತ್ತುವಾಗ ಸ್ಪ್ರಿಂಗ್ ಉಗುರನ್ನು ಹಿಡಿದು ಜಗ್ಗಬೇಕು. ಕೊನೆಗೆ ಕಿವಿ. ಅಲಗು ಪೂರ್ತಿ ತೆರೆದುಕೊಂಡಾಗ ಟಕ್ ಎನ್ನಬೇಕು. "ಪಾಲಿಶ್ ಹೊಡೆದು ಕಣ್ಣಿಗೆ ಮೋಸ ಮಾಡಬಹುದು ಕಣೋ, ಕಿವಿಗೆ ಆಗಲ್ಲ" ಎಂದು ಅಪ್ಪ ಹೇಳುತ್ತಿದ್ದದ್ದು ನಿನಗೂ ನೆನಪಿರಬೇಕು. ಮೂವತ್ತು ವರ್ಷ ಆ ಮಾತನ್ನು ಬಂದವರಿಗೆಲ್ಲ ಒಪ್ಪಿಸಿದ್ದೇನೆ. ಚಾಕು ಹೇಗಿದೆಯೆಂದು ನಾನು ಚೀಟಿ ಬರೆದುಕೊಟ್ಟ ಮೇಲೆ ಯಾರೂ ಎದುರಾಡುತ್ತಿರಲಿಲ್ಲ.

ಹಲ್ಲಿನ ಡಾಕ್ಟರ ಚಾಕುವಿನ ವಿಷಯಕ್ಕೆ ಬರುತ್ತೇನೆ, ಸುತ್ತಿ ಬಳಸಿ ಬಂದದ್ದು ಅದಕ್ಕೇ. ಜಿಂಕೆ ಕೊಂಬಿನ ಹಿಡಿ, ಎರಡು ಅಲಗು. ಮುರಿದ ಸ್ಪ್ರಿಂಗಿನ ಜಾಗಕ್ಕೆ ನೀನು ಮೂರು ವಾರ ಕೂತು ಹೊಸದು ಮಾಡಿದೆ. ಕೆಂಪಗೆ ಕಾಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಕಾಸಿ, ಎರಡು ಸಲ ಮುರಿದು ಮೂರನೆಯದು ನಿಂತಿತು. ಡಾಕ್ಟರು ಚಾಕು ಕೂಡಿಡುವ ಇಬ್ಬರು ಗೆಳೆಯರನ್ನೂ ಕರೆದುಕೊಂಡು ಬಂದರು. ನಾನು ಕಿವಿಯ ಹತ್ತಿರ ಹಿಡಿದು ಅಲಗು ಎತ್ತಿದೆ. ಮೂರು ಸಲ ಎತ್ತಿದರೂ ಏನೂ ಕೇಳಿಸಲಿಲ್ಲ.

"ಸ್ಪ್ರಿಂಗ್ ಸತ್ತಿದೆ" ಎಂದೆ.

"ಟಕ್ ಅಂದ ಹಾಗಿತ್ತಲ್ಲ?" ಎಂದರು ಡಾಕ್ಟರು.

"ಅದು ರಿವೆಟ್ಟಿನ ಸದ್ದು. ನಿಮಗೆ ಹಲ್ಲು ಗೊತ್ತು, ನನಗೆ ಚಾಕು ಗೊತ್ತು."

ಗೆಳೆಯರಿಬ್ಬರೂ ನಕ್ಕರು. ನಾನು ಅದನ್ನೇ ಚೀಟಿಯಲ್ಲಿ ಬರೆದು ಕೆಳಗೆ ಸಹಿ ಹಾಕಿದೆ. ತಮ್ಮನ ಕೆಲಸವೆಂದು ಮುಲಾಜು ನೋಡಲಿಲ್ಲ ಎಂಬ ಜಂಬ ಬೇರೆ. ನೀನು ಗೋಡೆಗೆ ಒರಗಿ ನನ್ನ ಕೈಯನ್ನೇ ನೋಡುತ್ತಿದ್ದೆ. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೊರಟೆ. ಸೊಕ್ಕು ಎಂದುಕೊಂಡೆ. ಡಾಕ್ಟರು ಚಾಕುವನ್ನು ಇಲ್ಲೇ ಬಿಟ್ಟು ಹೋದರು. ಆ ಚೀಟಿಯ ಸುದ್ದಿ ಹರಡಿ, ನಿನ್ನ ಕೈಗೆ ಚಾಕು ಕೊಡಲು ಜನ ಹಿಂದೆಮುಂದೆ ನೋಡಿದರೆಂದು ಆಮೇಲೆ ತಿಳಿಯಿತು.

ಹೋದ ತಿಂಗಳು ಆ ಚಾಕುವನ್ನು ಮನೆಗೆ ತಂದು, ಕಿಟಕಿ ಪಕ್ಕ ಕೂತು ತೆರೆದು ಮಡಚುತ್ತಿದ್ದೆ. ನಿನ್ನ ಅತ್ತಿಗೆ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದವಳು ಎದ್ದು ಬಂದಳು.

"ಆಗಿನಿಂದ ಏನ್ರೀ ಅದು ಟಕ್ ಟಕ್ ಅಂತ? ನಾಲ್ಕು ಸಲ ಕೂಗಿದೆ, ಓ ಅನ್ನಲಿಲ್ಲ."

"ಇದು ನಿನಗೆ ಕೇಳಿಸ್ತಾ?"

"ಎದುರು ಮನೆಯವರಿಗೂ ಕೇಳಿಸಿರುತ್ತೆ." ನನ್ನ ಮುಖ ನೋಡಿ ಪಕ್ಕದಲ್ಲಿ ಕೂತಳು. "ನಿಮ್ಮ ತಮ್ಮ ಎಷ್ಟು ದಿನದಿಂದ ನಿಮ್ಮ ಎದುರಿಗೆ ಬಂದು ನಿಂತೇ ಮಾತಾಡ್ತಿದ್ದ, ನೀವು ಗಮನಿಸಿರಲಿಲ್ವಾ?"

ಅವಳೇ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಿವಿಗೆ ಏನೋ ಸಿಕ್ಕಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಒತ್ತುವ ಪ್ರಮೇಯವೇ ಬರದೆ ಬಹಳ ಹೊತ್ತು ಕೂತಿದ್ದೆ. "ಸಣ್ಣ, ಚೂಪು ಸದ್ದುಗಳು ಹೋಗಿಬಿಟ್ಟಿವೆ. ಎರಡು ವರ್ಷ ಆದರೂ ಆಗಿರುತ್ತೆ" ಎಂದರು ಡಾಕ್ಟರಮ್ಮ. ಈಗ ಕಿವಿಗೆ ಮಿಷನ್ ಹಾಕಿಕೊಂಡಿದ್ದೇನೆ. ಪೇಪರ್ ಮಡಚಿದರೆ ಯಾರೋ ಗೋಡೆ ಕೆಡವಿದ ಹಾಗಾಗುತ್ತದೆ.

ಮೊನ್ನೆ ಹಲ್ಲಿನ ಡಾಕ್ಟರ ಬಳಿ ಹೋಗಿ, ಹಳೆಯ ಚೀಟಿ ಕೇಳಿ ಪಡೆದು ಅವರ ಎದುರಿಗೇ ಹರಿದೆ. "ಸ್ಪ್ರಿಂಗ್ ಗಟ್ಟಿಮುಟ್ಟಾಗಿದೆ. ಮಾಡಿದವನು ನನ್ನ ತಮ್ಮ. ತಪ್ಪು ನನ್ನ ಕಿವಿಯದು" ಎಂದು ಹೊಸದು ಬರೆದುಕೊಟ್ಟೆ. ಅವರು ಓದಿ, "ಚಾಕು ಅಂಗಡಿಯಲ್ಲೇ ಇರಲಿ. ನಿಮ್ಮ ತಮ್ಮನ ಕೈಯಿಂದಲೇ ತಗೋತೀನಿ" ಎಂದರು. ಆ ಗೆಳೆಯರಿಬ್ಬರಿಗೂ ಚೀಟಿ ತೋರಿಸುತ್ತಾರಂತೆ.

ಬಾರಪ್ಪ. ನನಗೆ ಸುಸ್ತಾಗಿದೆ. ಇನ್ನು ಮುಂದೆ ಕಿವಿಯ ಪಾಲು ನಿನ್ನದು, ನೀನು ಕೇಳಿ ಹೇಳಿದ್ದನ್ನು ನಾನು ಚೀಟಿಯಲ್ಲಿ ಬರೆಯುತ್ತೇನೆ. ಏಪ್ರನ್ ಆ ಮೊಳೆಯಲ್ಲೇ ಇದೆ. ನಿನ್ನ ಅರಗಳಿಗೆ ತುಕ್ಕು ಹಿಡಿಯದಂತೆ ವಾರಕ್ಕೊಮ್ಮೆ ಎಣ್ಣೆ ಒರೆಸುತ್ತಿದ್ದೇನೆ.

ಎಲ್ಲಿದ್ದರೂ ನಿನ್ನ ಕೈ ತಂಪಾಗಿರಲಿ, ಕಣ್ಣು ಚುರುಕಾಗಿರಲಿ. ನಿನ್ನ ಹೆಂಡತಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ಅಣ್ಣ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಹೊಸ ಚೀಟಿಯಲ್ಲೂ ಸುಳ್ಳಿದೆ. ತಪ್ಪು ಕಿವಿಯದಲ್ಲ. ಅವತ್ತು ಅಲಗು ಎತ್ತುವಾಗ ನಿನ್ನ ಸ್ಪ್ರಿಂಗ್ ನನ್ನ ಉಗುರು ಕಿತ್ತು ಬರುವ ಹಾಗೆ ಜಗ್ಗಿತ್ತು. ಅಷ್ಟು ಗಟ್ಟಿ ಸ್ಪ್ರಿಂಗನ್ನು ಅಪ್ಪ ಹೋದ ಮೇಲೆ ನಾನು ಮುಟ್ಟಿರಲಿಲ್ಲ. ಅದು ಸರಿಯಾಗಿದೆ ಎಂದರೆ ಕಿವಿ ಹೋಗಿದೆ ಎಂದು ಆ ಮೂವರ ಮುಂದೆ ಒಪ್ಪಬೇಕಿತ್ತು. ನಿನ್ನ ಹೆಸರು ಕೆಡಿಸಿ ನನ್ನದನ್ನು ಉಳಿಸಿಕೊಂಡೆ. ನೀನು ನನ್ನ ಕೈಯನ್ನೇ ನೋಡುತ್ತಿದ್ದೆ, ಉಗುರು ಬೆಳ್ಳಗಾದದ್ದು ನಿನಗೆ ಕಂಡಿರುತ್ತದೆ. ಅಣ್ಣನಿಗೆ ಕಿವಿ ಕೇಳಿಸಲ್ಲ ಎಂದು ನೀನು ಒಂದು ಮಾತು ಹೇಳಿದ್ದರೆ ನಿನ್ನ ಹೆಸರು ಉಳಿಯುತ್ತಿತ್ತು. ಅದನ್ನು ಹೇಳದೆ ಏಪ್ರನ್ ಬಿಚ್ಚಿಟ್ಟು ಹೋದೆ.