ಅನುಭವವಿಲ್ಲ ಎಂಬ ಮುಚ್ಚಳಿಕೆಗೆ ನನ್ನ ಸಹಿ ಇಲ್ಲ

ತಜ್ಞವೈದ್ಯ ತರಬೇತಿ ಪ್ರಾಧಿಕಾರದ ನಿರ್ದೇಶಕರಿಗೆ,

ಮಾನ್ಯರೇ,

ನೀವು ನನ್ನಿಂದ ಒಂದು ಸುಳ್ಳನ್ನು ಬರೆಸಿಕೊಳ್ಳಲು ಹೊರಟಿದ್ದೀರಿ. ನಾನು ಬರೆದುಕೊಡುವುದಿಲ್ಲ. ಪತ್ರವನ್ನು ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈವರೆಗೆ ಕಳಿಸಿದ ಅರ್ಜಿಗಳಿಗೆಲ್ಲ ನಿಮ್ಮ ಕಚೇರಿಯಿಂದ ‘ವಿವರ ಸಾಲದು’ ಎಂಬ ಒಂದೇ ಉತ್ತರ ಬಂದಿರುವುದರಿಂದ, ಈ ಸಲ ವಿವರಗಳನ್ನು ಧಾರಾಳವಾಗಿ, ನಾಲ್ಕು ಜನಕ್ಕೆ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಅರಿವಳಿಕೆ ಕೊಡುವ ವೈದ್ಯೆ. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವರನ್ನು ನೋವು ತಾಗದ ನಿದ್ದೆಗೆ ಕಳಿಸಿ, ಅಷ್ಟು ಹೊತ್ತೂ ಅವರ ಉಸಿರನ್ನು ಕಾದು ಕೂತು, ಕೆಲಸ ಮುಗಿದ ಮೇಲೆ ಅದನ್ನು ಅವರ ಕೈಗೇ ಒಪ್ಪಿಸುವುದು ನನ್ನ ಕಸುಬು. ಏಳು ವರ್ಷ ಈ ಕಸುಬನ್ನು ಒಂದು ಸಣ್ಣ ಆಸ್ಪತ್ರೆಯಲ್ಲಿ ಮಾಡಿದೆ. ಅಲ್ಲಿಗೆ ನಾನಾಗಿ ಹೋಗಿ ಅಂಗಡಿ ತೆರೆದವಳಲ್ಲ. ತಜ್ಞರು ಯಾರೂ ಹೋಗಲೊಪ್ಪದ ಊರು ಅದು. ಆಗ ನಿಮ್ಮ ಪ್ರಾಧಿಕಾರವೇ ನನ್ನಂಥ ಸಾಮಾನ್ಯ ವೈದ್ಯರನ್ನು ಆರಿಸಿ, ಆರು ತಿಂಗಳು ಕಲಿಸಿ, ‘ಸ್ವತಂತ್ರವಾಗಿ ಅರಿವಳಿಕೆ ನೀಡಲು ಸಮರ್ಥರು’ ಎಂದು ಮೊಹರು ಒತ್ತಿ ಬಸ್ಸು ಹತ್ತಿಸಿತ್ತು. ಅಲ್ಲಿ ಇದ್ದದ್ದು ಕಿಟಕಿಗೆ ಹಸಿರು ಬಣ್ಣ ಬಳಿದ ಒಂದು ಆಪರೇಷನ್ ಥಿಯೇಟರು, ಕೆಮ್ಮುತ್ತಾ ಏಳುವ ಒಂದು ಜನರೇಟರು, ಮತ್ತು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಸರ್ಜನ್ನು. ಅವರು ಮೊದಲ ದಿನವೇ ಹೇಳಿದ್ದು ಹೀಗೆ: “ನೋಡಮ್ಮ, ನಾನು ಕುಯ್ಯೋನು. ನೀನು ಕಾಯೋಳು. ನನ್ನ ಕಡೆ ನೋಡ್ಕೊಂಡು ಕೂತ್ಕೋಬೇಡ, ಅವನ ಕಡೆ ನೋಡು.” ಏಳು ವರ್ಷ ನಾನು ‘ಅವನ ಕಡೆ’, ಹೆಚ್ಚಾಗಿ ‘ಅವಳ ಕಡೆ’, ನೋಡಿದ್ದೇನೆ.

ಆಮೇಲೆ ನಿಮ್ಮ ಹೊಸ ನಿಯಮ ಬಂತು: ತಜ್ಞರ ಪದವಿ ಇಲ್ಲದವರು ಇನ್ನು ಮುಂದೆ ಅರಿವಳಿಕೆ ಕೊಡಕೂಡದು. ನಿಯಮ ಒಳ್ಳೆಯದೇ, ನನ್ನದೇನೂ ತಕರಾರಿಲ್ಲ. ಆದರೆ ಆ ಥಿಯೇಟರಿಗೆ ಬೀಗ ಬಿತ್ತು. ಈಗ ಹೆರಿಗೆಯಲ್ಲಿ ಮಗು ಅಡ್ಡವಾದ ಹೆಂಗಸನ್ನು ಆಂಬುಲೆನ್ಸಿಗೆ ಹಾಕಿಕೊಂಡು ದೂರದ ಪಟ್ಟಣಕ್ಕೆ ಓಡಬೇಕು. ದಾರಿಯಲ್ಲೇ ಹೆತ್ತವರಿದ್ದಾರೆ, ದಾರಿಯಲ್ಲೇ ಕಳೆದುಕೊಂಡವರೂ ಇದ್ದಾರೆ. ನಾನು ಪದವಿ ಮುಗಿಸಿ ಹಿಂತಿರುಗಿದ ದಿನ ಆ ಬಾಗಿಲು ತೆರೆಯುತ್ತದೆ. ಇಲ್ಲಿ ಪಣಕ್ಕಿರುವುದು ಅದು. ನನ್ನ ಮಾನಾಪಮಾನ ಆಮೇಲಿನ ಮಾತು.

ತಜ್ಞ ತರಬೇತಿ ಮೂರು ವರ್ಷದ್ದು. ಪೂರ್ವಾನುಭವ ಇದ್ದವರಿಗೆ ಅದರಲ್ಲಿ ಅರ್ಧ ವಿನಾಯಿತಿ ಎಂದು ನಿಮ್ಮ ನಿಯಮಾವಳಿಯೇ ಹೇಳುತ್ತದೆ. ಕೇಳಿದೆ. ‘ತಜ್ಞರ ನೇರ ಮೇಲ್ವಿಚಾರಣೆಯಲ್ಲಿ ಗಳಿಸಿದ ಅನುಭವವನ್ನು ಮಾತ್ರ ಅನುಭವವೆಂದು ಪರಿಗಣಿಸಲಾಗುವುದು’ ಎಂದಿರಿ. ಸ್ವಾಮಿ, ತಜ್ಞರು ಇಲ್ಲವೆಂದೇ ಅಲ್ಲವೇ ನನ್ನನ್ನು ಅಲ್ಲಿಗೆ ಅಟ್ಟಿದ್ದು? ಹೊಳೆಗೆ ನೂಕಿದವರು ನೀವು. ಈಜಿ ದಡ ಹತ್ತಿದವಳನ್ನು ‘ನಿನಗೆ ಈಜು ಕಲಿಸಿದ ಗುರು ಯಾರು? ಯಾರೂ ಇಲ್ಲವೇ? ಹಾಗಾದರೆ ನಿನಗೆ ಈಜು ಬರುವುದಿಲ್ಲ, ಮತ್ತೆ ನೀರಿಗಿಳಿ’ ಎನ್ನುವವರೂ ನೀವೇ.

ಇಷ್ಟಾದರೂ ಹಲ್ಲು ಕಚ್ಚಿಕೊಂಡು ಸೇರಿದೆ. ಮೂರು ವರ್ಷವಾದರೆ ಮೂರು ವರ್ಷ, ಕಲಿತದ್ದು ಯಾರಪ್ಪನ ಗಂಟೂ ಅಲ್ಲ ಎಂದುಕೊಂಡೆ. ಸದ್ಯಕ್ಕೆ ನನ್ನದು ತಾತ್ಕಾಲಿಕ ಪ್ರವೇಶ. ಖಾಯಂ ಆಗಬೇಕಾದರೆ ಈ ತಿಂಗಳ ಕೊನೆಯೊಳಗೆ ಒಂದು ಮುಚ್ಚಳಿಕೆಗೆ ಸಹಿ ಹಾಕಬೇಕಂತೆ: ‘ಈ ವಿಷಯದಲ್ಲಿ ನನಗೆ ಯಾವುದೇ ಪೂರ್ವಾನುಭವ ಇರುವುದಿಲ್ಲ ಎಂದು ಪ್ರಮಾಣೀಕರಿಸುತ್ತೇನೆ.’ ನಿಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತು ಗುಮಾಸ್ತರನ್ನು ಕೇಳಿದೆ.

“ಇದು ಸುಳ್ಳಲ್ವಾ?”

“ಸುಳ್ಳು ಹೇಗಾಗುತ್ತೆ ಮೇಡಂ? ಕಂಪ್ಯೂಟರಲ್ಲಿ ನಿಮ್ಮ ಅನುಭವ ಸೊನ್ನೆ ಅಂತಿದೆ. ಸೊನ್ನೆ ಇರೋರು ಇಲ್ಲ ಅಂತ ಬರೀಲೇಬೇಕು. ಇಲ್ಲಾಂದ್ರೆ ಸಿಸ್ಟಮ್ ತಗೊಳಲ್ಲ.”

“ಅಂದ್ರೆ ನಿಮ್ಮ ಸಿಸ್ಟಮ್‌ಗೆ ಸುಳ್ಳು ಜೀರ್ಣ ಆಗುತ್ತೆ, ನಿಜ ಆಗಲ್ಲ.”

“ನನ್ನ ಮೇಲ್ಯಾಕೆ ರೇಗ್ತೀರಾ? ಎಲ್ರೂ ಹಾಕ್ತಾರೆ. ಹಾಕಿ ಮರೆತುಬಿಡ್ತಾರೆ.”

ಮರೆತುಬಿಡುತ್ತಾರೆ! ಅರಿವಳಿಕೆ ಕೊಡುವುದು ನಾನೆಂದುಕೊಂಡಿದ್ದೆ. ನನಗಿಂತ ದೊಡ್ಡ ಡೋಸು ನಿಮ್ಮ ಕಿಟಕಿಯಲ್ಲಿ ಸಿಗುತ್ತದೆ.

ಇನ್ನು ನಿಮ್ಮ ಹಳದಿ ಗೆರೆಯ ಕಥೆ. ತರಬೇತಿ ಆಸ್ಪತ್ರೆಯ ಥಿಯೇಟರಿನಲ್ಲಿ, ರೋಗಿಯ ತಲೆದೆಸೆಯಿಂದ ಎರಡು ಮಾರು ದೂರಕ್ಕೆ, ನೆಲದ ಮೇಲೆ ಒಂದು ಹಳದಿ ಪಟ್ಟಿ ಅಂಟಿಸಿದ್ದಾರೆ. ಮೊದಲ ವರ್ಷದವರು ಅದರ ಹಿಂದೆ ಕೈಕಟ್ಟಿ ನಿಂತು ನೋಡಬೇಕು, ಮುಟ್ಟುವ ಹಾಗಿಲ್ಲ. ಕಾಲೇಜಿನಿಂದ ನೇರ ಬಂದವರಿಗೆ ಇದು ಸರಿಯಾದ ಶಿಸ್ತೇ. ನಾನೂ ನಿಂತೆ. ಒಂದು ದಿನ ಟೇಬಲ್ಲಿನ ಹತ್ತಿರ ಇದ್ದದ್ದು ಕೊನೆಯ ವರ್ಷದ ಒಬ್ಬ ಹುಡುಗಿ. ಹುಡುಗಿ ಎನ್ನುತ್ತೇನೆ, ಏಕೆಂದರೆ ಕಡ್ಡಾಯ ಸೇವೆಗೆಂದು ನಮ್ಮ ಸಣ್ಣ ಆಸ್ಪತ್ರೆಗೆ ಬಂದಿದ್ದಾಗ ಅವಳಿಗೆ ಉಸಿರಿನ ನಳಿಗೆ ಹಾಕುವುದನ್ನು ಹೇಳಿಕೊಟ್ಟವಳು ನಾನು. ಈಗ ಲೆಕ್ಕದ ಪ್ರಕಾರ ಅವಳು ನನ್ನ ಹಿರಿಯಳು. ಜನರೆದುರು ನಾನು ಅವಳನ್ನು ‘ಮೇಡಂ’ ಎನ್ನಬೇಕು. ಎಂದಾಗಲೆಲ್ಲ ಅವಳು ನೆಲ ನೋಡುತ್ತಾಳೆ.

ಟೇಬಲ್ಲಿನ ಮೇಲಿದ್ದವನು ಗಿಡ್ಡ ಕುತ್ತಿಗೆಯ ಭಾರೀ ಆಳು. ಔಷಧಿ ಹೋಯಿತು, ಸ್ನಾಯುಗಳೆಲ್ಲ ಸಡಿಲಾದವು, ಅವನ ಸ್ವಂತ ಉಸಿರು ನಿಂತಿತು. ಇನ್ನು ನಾವೇ ಉಸಿರು ಕೊಡಬೇಕು. ನಳಿಗೆ ಹೋಗಲಿಲ್ಲ. ಕ್ಯಾಮೆರಾ ಇದ್ದ ಹೊಸ ಸಲಕರಣೆ ತಂದರು, ಪರದೆಯ ಮೇಲೆ ಕೆಂಪು ಮಾಂಸ ಬಿಟ್ಟರೆ ಇನ್ನೇನೂ ಇಲ್ಲ. ಮಾಸ್ಕಿನಿಂದ ಗಾಳಿ ಒತ್ತಿದರೆ ಕೆನ್ನೆಯ ಪಕ್ಕದಿಂದ ಸೋರಿಹೋಗುತ್ತಿತ್ತು. ರಕ್ತದ ಆಮ್ಲಜನಕ ಇಳಿದ ಹಾಗೆ ಅದನ್ನು ಅಳೆಯುವ ಯಂತ್ರದ ಸ್ವರವೂ ಇಳಿಯುತ್ತದೆ. ನಮ್ಮ ಕಸುಬಿನವರು ಆ ಇಳಿಯುವ ಸ್ವರಕ್ಕೆ ನಿದ್ದೆಯಲ್ಲೂ ಎದ್ದು ಕೂರುತ್ತಾರೆ. ಅರಿವಳಿಕೆ ವಿಭಾಗದ ಮುಖ್ಯಸ್ಥರು ಪಕ್ಕದ ಥಿಯೇಟರಿನಲ್ಲಿದ್ದರು, ಕರೆಯಲು ನರ್ಸು ಓಡಿದ್ದರು. ಆ ಹುಡುಗಿ ತಿರುಗಿ ನನ್ನನ್ನು ನೋಡಿದಳು.

“ಅಕ್ಕಾ... ಬನ್ನಿ ಅಕ್ಕಾ.”

ಗೆರೆ ದಾಟಿದೆ. ಮಡಚಿದ ಬೆಡ್‌ಶೀಟುಗಳನ್ನು ಅವನ ಹೆಗಲಿನ ಕೆಳಗೆ, ತಲೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಒಟ್ಟಿಸಿ, ಕಿವಿ ಎದೆಯ ಮೂಳೆಯ ಮಟ್ಟಕ್ಕೆ ಬರುವಷ್ಟು ಎತ್ತಿಸಿದೆ. ಎರಡೂ ಕೈಯಲ್ಲಿ ದವಡೆ ಎಳೆದು ಮಾಸ್ಕನ್ನು ಬಿಗಿಹಿಡಿದೆ. “ನೀನು ಬ್ಯಾಗ್ ಒತ್ತು. ಮೆಲ್ಲಗೆ. ಎದೆ ನೋಡು, ಮೆಷಿನ್ ನೋಡಬೇಡ.” ಎದೆ ಎದ್ದಿತು. ಸ್ವರ ಏರಿತು. ಆಮೇಲೆ ನಳಿಗೆ ಅವಳ ಕೈಯಿಂದಲೇ, ಮೊದಲ ಸಲಕ್ಕೇ, ಒಳಗೆ ಹೋಯಿತು. ಇದರಲ್ಲಿ ಮಹಾ ವಿದ್ಯೆಯೇನಿಲ್ಲ, ಪುಸ್ತಕದಲ್ಲೂ ಇದೆ. ಕ್ಯಾಮೆರಾ ಇಲ್ಲದ ಕಡೆ ಕೆಲಸ ಮಾಡಿದವರ ಕೈ ಮೊದಲು ಬೆಡ್‌ಶೀಟಿನ ಕಡೆ ಹೋಗುತ್ತದೆ, ಅಷ್ಟೇ. ನೀವು ಸೊನ್ನೆ ಎಂದು ಬರೆದುಕೊಂಡಿರುವುದು ಈ ‘ಅಷ್ಟೇ’ಗೆ.

ಮುಖ್ಯಸ್ಥರು ಬಾಗಿಲಲ್ಲಿ ಬಂದು ನಿಂತವರು ಮೊದಲು ರೋಗಿಯನ್ನು ನೋಡಿದರು, ಆಮೇಲೆ ನನ್ನ ಕಾಲನ್ನು. “ಗೆರೆ ಎಲ್ಲಿದೆಯಮ್ಮ, ನೀನೆಲ್ಲಿದ್ದೀಯ?”

“ಉಸಿರು ಈ ಕಡೆ ಇತ್ತು ಸರ್,” ಎಂದೆ.

ವಾರದೊಳಗೆ ನಿಮ್ಮ ಪ್ರಾಧಿಕಾರದ ಶಿಸ್ತು ವಿಭಾಗದಿಂದ ನೋಟೀಸು: ‘ಪೂರ್ವಾನುಭವವಿಲ್ಲದ ಅಭ್ಯರ್ಥಿಯಾದ ತಾವು ರೋಗಿಯನ್ನು ಮುಟ್ಟಿದ್ದೇಕೆ?’ ಪ್ರವೇಶ ವಿಭಾಗದಿಂದ ನೆನಪೋಲೆ: ‘ಪೂರ್ವಾನುಭವವಿಲ್ಲವೆಂಬ ಮುಚ್ಚಳಿಕೆಯನ್ನು ಕೂಡಲೇ ಸಲ್ಲಿಸುವುದು.’ ಎರಡೂ ವಿಭಾಗ ಒಂದೇ ಮಹಡಿಯಲ್ಲಿವೆ, ಎದುರುಬದುರು, ನಡುವೆ ಕುಡಿಯುವ ನೀರಿನ ಒಂದು ಡ್ರಮ್ಮು. ಮುಚ್ಚಳಿಕೆಗೆ ಸಹಿ ಹಾಕಿದರೆ, ಏನೂ ಬಾರದವಳು ಸಾಯುತ್ತಿದ್ದವನ ಮೇಲೆ ಕೈ ಹಾಕಿದಳು ಎಂಬ ಅಪರಾಧವನ್ನು ನಾನೇ ಒಪ್ಪಿಕೊಂಡಂತೆ. ನನಗೆ ಬರುತ್ತಿತ್ತು, ಅದಕ್ಕೇ ಕೈ ಹಾಕಿದೆ ಎಂದರೆ ಸೀಟು ಹೋಯಿತು. ಈ ಕಡೆ ಬಾಗಿಲಲ್ಲಿ ನಾನು ದಡ್ಡಿಯಾಗದಿದ್ದರೆ ಪ್ರವೇಶವಿಲ್ಲ, ಆ ಕಡೆ ಬಾಗಿಲಲ್ಲಿ ದಡ್ಡಿಯಾದರೆ ಉಳಿಗಾಲವಿಲ್ಲ. ಎರಡು ವಿಭಾಗದವರೂ ಆ ಡ್ರಮ್ಮಿನ ಹತ್ತಿರ ಒಮ್ಮೆಯಾದರೂ ನೀರು ಕುಡಿಯಲು ಸೇರುವುದಿಲ್ಲವೇ?

ರಜೆಯಲ್ಲಿ ಮನೆಗೆ ಹೋಗಿ ಇದನ್ನು ಹೇಳಿದಾಗ ನನ್ನ ಗಂಡ ತಮಾಷೆ ಮಾಡಿದ: “ಮೇಲ್ವಿಚಾರಣೆ ಇಲ್ಲದ ಅನುಭವ ಲೆಕ್ಕಕ್ಕಿಲ್ಲ ಅಂದ್ರೆ ನಮ್ಮ ಸಂಸಾರಾನೂ ಲೆಕ್ಕಕ್ಕಿಲ್ವೇನೆ?”

“ಯಾಕಿಲ್ಲ? ಮೇಲ್ವಿಚಾರಣೆಗೆ ನಾನಿರಲಿಲ್ವೇನೋ?” ಎಂದರು ಅತ್ತೆ.

ನಕ್ಕೆವು. ಆದರೆ ಅತ್ತೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಆಯುಷ್ಯ ಸವೆಸಿದವರು, ಸಂಘ ಕಟ್ಟಿದವರು. ನಗು ನಿಂತ ಮೇಲೆ ಹೇಳಿದರು: “ನಮ್ಮಲ್ಲೂ ಹಿಂಗೇ ಮಾಡ್ತಿದ್ರು ಕಣೆ. ಮಾಲೀಕ ಬದಲಾದಾಗಲೆಲ್ಲ ‘ಹೊಸಬರು’ ಅಂತ ನಮ್ಮ ಕೈಲಿ ಬರೆಸ್ಕೊಳೋರು. ಯಂತ್ರ ಅದೇ, ಸೊಂಟನೋವು ಅದೇ, ನಾವು ಮಾತ್ರ ಹೊಸಬರು. ಒಂದ್ಸಲ ಬರೆಯಲ್ಲ ಅಂದ್ವಿ. ಯಂತ್ರ ನಿಲ್ಲಿಸಿ ಕೂತ್ವಿ. ಇಲ್ಲದ್ದನ್ನ ಇದೆ ಅಂತ ಬರೆದ್ರೆ ಮೋಸ ಅಂತಾರಲ್ಲ, ಇದ್ದದ್ದನ್ನ ಇಲ್ಲ ಅಂತ ಬರೆಸ್ಕೊಳೋದಕ್ಕೆ ಏನಂತಾರೆ, ಕೇಳು ಅವರನ್ನ.”

ಕೇಳುತ್ತಿದ್ದೇನೆ. ಏನಂತೀರಿ?

‘ರೋಗಿಯ ಸುರಕ್ಷತೆ’ ಎನ್ನುತ್ತೀರಿ, ಗೊತ್ತು. ಅದು ನಿಮ್ಮ ತುರುಪಿನ ಎಲೆ. ಏಳು ವರ್ಷ ಕೆಲಸ ಮಾಡಿದವಳು ಏಳು ವರ್ಷ ತಪ್ಪನ್ನೇ ಮಾಡಿರಬಹುದು ಎನ್ನುತ್ತೀರಿ. ಮಾಡಿರಬಹುದು! ಅನುಭವ ಎಂದರೆ ಅರ್ಹತೆ ಎಂದು ನಾನೂ ಹೇಳುತ್ತಿಲ್ಲ. ಹಾಗಾದರೆ ನೋಡಿ, ತೂಗಿ, ಉಜ್ಜಿ, ಪರೀಕ್ಷೆ ಮಾಡಿ. ಪರೀಕ್ಷಿಸಿ ನಪಾಸು ಮಾಡುವುದು ನಿಮ್ಮ ಅಧಿಕಾರ. ಪರೀಕ್ಷಿಸದೆ ಅಳಿಸಿಹಾಕುವುದು ಸೋಮಾರಿತನ. ನನಗೆ ಬಾರದ್ದು ಬೇಕಾದಷ್ಟಿದೆ: ಹೃದಯದ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟಿಲ್ಲ, ಹುಟ್ಟಿದ ವಾರದ ಮಗುವಿಗೆ ಕೊಡಲು ಧೈರ್ಯವಿಲ್ಲ. ಅವನ್ನು ಕಲಿಯಲೆಂದೇ ಮನೆಮಠ ಬಿಟ್ಟು ಬಂದಿದ್ದೇನೆ. ಆದರೆ ಒಂದು ಮಾತು ಯೋಚಿಸಿ. ಬರುವುದನ್ನು ಬರುವುದಿಲ್ಲ ಎಂದು ಸಲೀಸಾಗಿ ಬರೆದುಕೊಡಬಲ್ಲ ವೈದ್ಯರು, ನಾಳೆ ಬಾರದ್ದನ್ನು ಬರುತ್ತದೆ ಎಂದೂ ಅಷ್ಟೇ ಸಲೀಸಾಗಿ ಹೇಳಿಬಿಡುತ್ತಾರೆ. ಅಂಥವರ ಕೈಗೆ ನಿಮ್ಮ ಉಸಿರನ್ನು ಕೊಟ್ಟು ಮಲಗುತ್ತೀರಾ? ತರಬೇತಿಯ ಮೊದಲ ದಿನವೇ ಸುಳ್ಳಿಗೆ ಕೈ ಪಳಗಿಸುವ ನಿಮ್ಮ ಈ ಪದ್ಧತಿಗಿಂತ ರೋಗಿಯ ಸುರಕ್ಷತೆಗೆ ದೊಡ್ಡ ಶತ್ರು ಬೇಕೇ?

ನನ್ನ ಬೇಡಿಕೆ ದಯೆಯದ್ದಲ್ಲ. ಆ ಮುಚ್ಚಳಿಕೆಯನ್ನು ನನ್ನೊಬ್ಬಳಿಗಲ್ಲ, ನೀವು ಬಸ್ಸು ಹತ್ತಿಸಿ ಮರೆತುಬಿಟ್ಟ ಎಲ್ಲ ವೈದ್ಯರಿಗೂ ರದ್ದು ಮಾಡಿ. ನಿಮಗೆ ಬೇಕಾದ ಅತಿ ಕಟು ಪರೀಕ್ಷಕರನ್ನು ಟೇಬಲ್ಲಿನ ಪಕ್ಕಕ್ಕೆ ಕಳಿಸಿ. ಅವರು ನನಗೆ ಬರುತ್ತದೆ ಎಂದರೆ ಬರುವಷ್ಟನ್ನು ಲೆಕ್ಕಕ್ಕೆ ಹಿಡಿಯಿರಿ. ಬರುವುದಿಲ್ಲ ಎಂದರೆ ಮೂರು ವರ್ಷವೂ ಬಾಯಿಮುಚ್ಚಿಕೊಂಡು ಗೆರೆಯ ಹಿಂದೆ ನಿಲ್ಲುತ್ತೇನೆ. ತಿಂಗಳ ಕೊನೆಯವರೆಗೆ ಕಾಯುತ್ತೇನೆ. ಅಲ್ಲಿಯವರೆಗೂ ನಿಮ್ಮದು ಮೌನವೇ ಆದರೆ, ನನ್ನ ಸೀಟನ್ನು ಕಿತ್ತುಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಕಾರಣ ಬರೆಯುವಾಗ ‘ಗೈರುಹಾಜರಿ’ ಎಂದೋ ‘ದಾಖಲೆ ಅಪೂರ್ಣ’ ಎಂದೋ ಜಾರಿಕೊಳ್ಳಬೇಡಿ. ‘ನಿಜವನ್ನು ಅಲ್ಲಗಳೆಯಲು ಒಪ್ಪದ ಕಾರಣಕ್ಕೆ’ ಎಂದು ಬರೆಯಿರಿ. ಅದರ ಒಂದು ಪ್ರತಿಯನ್ನು ಬೀಗ ಹಾಕಿದ ಆ ಥಿಯೇಟರಿನ ಬಾಗಿಲಿಗೂ ಅಂಟಿಸಿ. ಆಂಬುಲೆನ್ಸಿಗೆ ಕಾಯುತ್ತಾ ಕೂತವರಿಗೆ ಓದಿಕೊಳ್ಳಲು ಏನಾದರೂ ಬೇಕಲ್ಲ.

ಇಂತಿ, ‘ತಮ್ಮ ವಿಧೇಯ’ ಎಂಬುದನ್ನು ಬೇಕೆಂದೇ ಬಿಟ್ಟು,

ಪ್ರವೇಶ ತಾತ್ಕಾಲಿಕ, ಹಠ ಖಾಯಂ ಆಗಿರುವ
ಮೊದಲ ವರ್ಷದ ಒಬ್ಬ ವೈದ್ಯೆ