ಹರಿನಾಥನ ಬಲಸೊಂಟ

14 ನವೆಂಬರ್ 2025, ಶುಕ್ರವಾರ

ಕಾರಿನಿಂದ ಇಳಿದ ಮೇಲೆ ಹೆಂಡತಿ ನೀರಜಾಕ್ಷಿ ಇನ್ನೂ ನನ್ನೊಡನೆ ಮಾತಾಡಿಲ್ಲ. ಇರಲಿ.

ಅವಳ ಅಕ್ಕನ ಗಂಡ ಹರಿನಾಥ ಮಂಗಳೂರಿನಿಂದ ವಿಮಾನದಲ್ಲಿ ಇಲ್ಲಿ ಗಲ್ಫಿಗೆ ಬಂದು ನಾಲ್ಕು ದಿನವಾಯಿತು. ನಾಲ್ಕೂ ದಿನ ಅವನ ಪಿಸ್ತೂಲಿನದೇ ಕತೆ. ಬಿಲ್ಡರ್ ಅಲ್ಲವೇ, ಬೆದರಿಕೆ ಕರೆ ಬಂದಿದೆ, ಲೈಸೆನ್ಸ್ ಸಿಕ್ಕಿದೆ. "ಡ್ಯಾಶ್‌ಬೋರ್ಡಲ್ಲಿ ಇಡ್ಲಿಕ್ಕೇ ಬಾರದು ಮಾರಾಯ, ಬ್ರೇಕ್ ಹಾಕಿದ್ರೆ ಜಾರ್ತದೆ. ಸೊಂಟದಲ್ಲೇ ಇರ್ಬೇಕು. ಸೀಟ್ ಬೆಲ್ಟ್ ಹಾಕಿ ಆಮೇಲೆ ಶರ್ಟನ್ನು ಅದರ ಮೇಲೆ ಬಿಡ್ಬೇಕು, ಇಲ್ಲಾಂದ್ರೆ ಬೇಕಾದಾಗ ಕೈಗೆ ಸಿಗುದಿಲ್ಲ." ನೀರಜಾಕ್ಷಿ ಬಾಯಿ ಬಿಟ್ಟು ಕೇಳುತ್ತಾಳೆ. ಹಿದ್ ಬಂದರಿನಲ್ಲಿ ಹದಿನೆಂಟು ವರ್ಷ ದುಡಿದ ನನ್ನ ಕತೆಯನ್ನು ಹೀಗೆ ಕೇಳಿದ್ದಿಲ್ಲ. ನನ್ನನ್ನು ಕೊಲ್ಲಬೇಕೆಂದು ಇದುವರೆಗೆ ಯಾರಿಗೂ ಅನಿಸಿಲ್ಲ, ನಾನೇನು ಮಾಡಲಿ?

ಇಂದು ಹಿದ್‌ನಿಂದ ಗುಫೂಲಿನ ಮನೆಗೆ ಮರಳುವಾಗ ಅವನು ನನ್ನ ಪಕ್ಕದ ಸೀಟಿನಲ್ಲಿ ನಿದ್ದೆಹೋದ. ಹಿಂದಿನ ಸೀಟಿನಿಂದ ಇವಳ ಪಿಸುದನಿ: "ಮೆಲ್ಲ ಬಿಡಿ. ಭಾವ ಮೂರು ವರ್ಷದಿಂದ ಸರಿ ನಿದ್ದೆ ಮಾಡ್ಲಿಲ್ಲಂತೆ, ಅಕ್ಕ ಹೇಳಿದ್ಲು."

ನನಗಾಗಿ ಎಂದಾದರೂ ಹೀಗೆ ದನಿ ತಗ್ಗಿಸಿದ್ದಳೇ?

ಮನೆ ಹತ್ತಿರದ ರಸ್ತೆ ಹಂಪಿನ ಮೇಲೆ ಬೇಕೆಂದೇ ಕಾರು ಹಾರಿಸಿದೆ.

ಅವನು ಬೆಚ್ಚಿ ಎದ್ದ. ಕೈ ನೇರ ಬಲಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಪಿಸ್ತೂಲು ಮಂಗಳೂರಿನಲ್ಲೇ ಉಳಿದಿದೆ ಎಂದು ನೆನಪಾಗುವ ತನಕ ಅವನ ಮುಖ... ಅಷ್ಟು ಹೆದರಿದ ಮುಖವನ್ನು ನಾನು ನೋಡಿಲ್ಲ.

ನೀರಜಾಕ್ಷಿ ಹಿಂದಿನಿಂದ ಅವನ ಭುಜ ಮುಟ್ಟಿ, "ಏನಿಲ್ಲ ಭಾವ, ಹಂಪ್ ಅಷ್ಟೆ," ಎಂದಳು. ಕನ್ನಡಿಯಲ್ಲಿ ನನ್ನನ್ನೇ ನೋಡಿದಳು.

ನಾಚಿಕೆಯಾಗಬೇಕಿತ್ತು, ಆಗಿದೆ ಕೂಡ. ಆದರೆ ಕಣ್ಣು ಮುಚ್ಚಿದರೆ ಕಾಣುವುದು ಅವನ ಆ ಮುಖವಲ್ಲ, ಅವನ ಭುಜದ ಮೇಲಿದ್ದ ಅವಳ ಕೈ.