ಅರವತ್ತು ಮೀಟರಿನ ಕಿವಿ

ಮಾರ್ಚ್ 4, ಸೋಮವಾರ
ಮತ್ತೆ ಟೆಸ್ಟಿಂಗ್. ಮತ್ತೆ ಟೀರಾ. ಶೆವ್ಡೆ ಊರಿನ ಈ ವಿಡಿಯೋ ಗೇಮ್ ಆಫೀಸಿನಲ್ಲಿ ಆರು ವರ್ಷದಿಂದ ಕಾಳಗ ಹೆಣೆಯುತ್ತಿರುವವನು ನಾನು — ಶತ್ರುವಿಗೆ ಎಷ್ಟು ಗುಂಡು, ಆಟಗಾರನಿಗೆ ಎಷ್ಟು ಪ್ರಾಣ. ಅವಳು ಬಂದು ಎಂಟು ತಿಂಗಳು. “ಆಟಗಾರ ಒಂದೇ ಗುಂಡಿಗೆ ಸಾಯ್ಲಿ. ಗಾಯ ಆದ್ರೆ ಕುಂಟ್ಲಿ. ನಕ್ಷೆ ಗಿಕ್ಷೆ ಬೇಡ” ಅಂದಳು. ಬಾಸ್ ಎಸ್ಕಿಲ್ ಕರಗಿ ನೀರಾದ. ಹೊರಗಿನ ಆಟಗಾರರು ಈ ವಾರ ನಮ್ಮಿಬ್ಬರಲ್ಲಿ ಯಾರ ಆವೃತ್ತಿಯನ್ನು ಮೆಚ್ಚುತ್ತಾರೋ ಅದೇ ಉಳಿಯುತ್ತದಂತೆ. ಇನ್ನೊಂದು ಕಸದ ಬುಟ್ಟಿಗೆ.

ಆಟ ಕೆಡಿಸಿದವರು ಶುಕ್ರವಾರ ಕೇಕ್ ತರಬೇಕು, ಇಲ್ಲಿಯ ಪದ್ಧತಿ. ಹೋದ ವಾರ ಅವಳೇ ತಂದಳು. ತಪ್ಪು ಮಾಡಿಯೂ ಎಲ್ಲರ ಮುದ್ದು!

ಅದೇ ದಿನ, ಸಂಜೆ 4
ನನ್ನದರಲ್ಲಿ ಆಟಗಾರರು ಓಡಿದರು, ಗುಂಡು ಹಾರಿಸಿದರು, ಆಕಳಿಸಿದರು. ಅವಳದರಲ್ಲಿ ಒಬ್ಬ ಬೇಲಿಯ ಹಿಂದೆ ನಾಲ್ಕು ನಿಮಿಷ ಅಲ್ಲಾಡದೆ ಮಲಗಿದ್ದ. ಉಸಿರು ಬಿಗಿಹಿಡಿದಿದ್ದ — ಆಟದಲ್ಲಲ್ಲ, ಕುರ್ಚಿಯಲ್ಲಿ. ಹೊಟ್ಟೆ ಉರಿಯಿತು.

ಮಾರ್ಚ್ 6, ಮಧ್ಯಾಹ್ನ 12.20
ಎಲ್ಲರೂ ಊಟಕ್ಕೆ. ಅವಳ ಫೈಲ್ ತೆರೆದೆ. ಕಾವಲುಗಾರರಿಗೆ ಹೆಜ್ಜೆ ಸಪ್ಪಳ ಕೇಳಿಸುವ ದೂರ: ಇಪ್ಪತ್ತು ಮೀಟರ್. ಅರವತ್ತು ಮಾಡಿದೆ. ಬೇಲಿ ದಾಟಲಿ ನೋಡೋಣ... ನಿಜ ಬೇಕಿತ್ತಲ್ಲ, ತಗೋ.

ಮಾರ್ಚ್ 7
ದಾಟಿದರು.

ಮೊದಲು ಎಲ್ಲರೂ ಸತ್ತರು. ಬೈದರು. ಆಮೇಲೆ ಒಬ್ಬಳು ಆಟದೊಳಗಿನ ರೈಲು ಬರುವವರೆಗೆ ಕಾದಳು. ಅದರ ಸದ್ದಿರುವಷ್ಟು ಹೊತ್ತು ಓಡಿದಳು, ಸದ್ದು ನಿಂತಾಗ ನಿಂತಳು. ಆ ರೈಲು ಬರೀ ಅಂದಕ್ಕೆ ಇಟ್ಟದ್ದು! ಪಕ್ಕದವನು ನೋಡಿ ಕಲಿತ. ಸಂಜೆಯ ಹೊತ್ತಿಗೆ ಎಲ್ಲರೂ ರೈಲಿಗೆ ಕಾಯುತ್ತಿದ್ದರು.

“ನೀನೇ ಗೆದ್ದೆ ಕಣೇ!” ಅಂದ ಎಸ್ಕಿಲ್, ಟೀರಾಗೆ.

ಟೀರಾ ಫೈಲಿನ ಇತಿಹಾಸ ನೋಡುತ್ತಿದ್ದಳು. ಯಾರು, ಯಾವಾಗ, ಏನು ಬದಲಿಸಿದರು — ಎಲ್ಲ ಅಲ್ಲಿರುತ್ತದೆ. ಹೊಟ್ಟೆಕಿಚ್ಚಿನಲ್ಲಿ ಅದನ್ನೇ ಮರೆತಿದ್ದೆ.

“ಈ ಅರವತ್ತು ನಂದಲ್ಲ, ಟೋರ್ಕೆಲ್‌ದು” ಅಂದಳು ನನ್ನತ್ತ ಕೈ ತೋರಿಸಿ, ಎಲ್ಲರಿಗೂ ಕೇಳುವಂತೆ. “ನಾನು ಹೆದರ್ಕೊಂಡು ಇಪ್ಪತ್ತಕ್ಕೆ ನಿಲ್ಲಿಸಿದ್ದೆ. ಇವ್ನು ಸದ್ದಿಲ್ದೆ ಸರಿ ಮಾಡ್ಬಿಟ್ಟಿದಾನೆ, ಕಳ್ಳ!”

ಚಪ್ಪಾಳೆ. ಎಸ್ಕಿಲ್ ನನ್ನ ಬೆನ್ನು ತಟ್ಟಿದ. ಅವಳಿಗೆ ಒಂದು ಚೂರೂ ಅನುಮಾನವಿಲ್ಲ. ಅಷ್ಟು ಒಳ್ಳೆಯವಳಾಗಿರುವುದಕ್ಕೂ ಅವಳ ಮೇಲೆ ಅಸೂಯೆ.

ಮಾರ್ಚ್ 8, ಶುಕ್ರವಾರ
ಬೆಳಿಗ್ಗೆ ಬೇಕರಿಗೆ ಹೋದೆ. ದೊಡ್ಡ ಕೇಕನ್ನೇ ಕೊಂಡೆ, ಹಸಿರು ಹೊದಿಕೆಯದು. ಕಾಫಿ ಮೇಜಿನ ಮೇಲಿಟ್ಟೆ.

“ಇದೇನೋ?” ಟೀರಾ ನಗುತ್ತಲೇ ಚಾಕು ಎತ್ತಿಕೊಂಡಳು. “ಈ ವಾರ ಯಾರೂ ಏನೂ ಕೆಡಿಸಿಲ್ವಲ್ಲ!”

ಎಲ್ಲರೂ ತಟ್ಟೆ ಹಿಡಿದು ನನ್ನನ್ನೇ ನೋಡಿದರು. ಹೇಳಿದೆ — “ನಾನು ಕೆಡಿಸೋಕೇ ಹೋಗಿದ್ದೆ ಟೀರಾ, ಆ ಅರವತ್ತು...”